ಆಗಿಹೋದ ಮದುವೆಗಳಿಗೆ ಕಾಗದ ಮಾಡಿಸುವ ಜುವಾರಿಯಾ

ಬೆಳಗಿನ ಐದೂವರೆ. ಮದುವೆ, ವಿಚ್ಛೇದನದ ವ್ಯಾಜ್ಯ ನೋಡುವ ಧರ್ಮ ನ್ಯಾಯಾಲಯದ ಗೇಟು ಇನ್ನೂ ತೆಗೆದಿಲ್ಲ. ಹೆದ್ದಾರಿಯಲ್ಲಿ ಸಿಮೆಂಟಿನ ಲಾರಿಗಳು ಒಂದರ ಹಿಂದೊಂದು ಜಕಾರ್ತದ ಕಡೆಗೆ ಓಡುತ್ತಿವೆ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಜುವಾರಿಯಾ ಗೋಣಿಚೀಲದಿಂದ ಒಂದೊಂದೇ ಜೊತೆ ಬೂಟು ತೆಗೆದು ಸಾಲಾಗಿ ಇಡುತ್ತಿದ್ದಾರೆ. ಅಳತೆ ಮೂವತ್ತಾರು, ಮೂವತ್ತೆಂಟು, ನಲವತ್ತು, ಗಂಡಸರಿಗೆ ಒಂದು ನಲವತ್ತೆರಡು. ಹವಾಯಿ ಚಪ್ಪಲಿ ಹಾಕಿಕೊಂಡವರನ್ನು ಒಳಗೆ ಬಿಡುವುದಿಲ್ಲ ಎಂಬುದು ಇಲ್ಲಿಯ ನಿಯಮ. ಗದ್ದೆಯಿಂದಲೂ ಮೀನುಕಟ್ಟೆಯಿಂದಲೂ ಬರುವವರ ಕಾಲಲ್ಲಿ ಇರುವುದು ಅದೇ ಚಪ್ಪಲಿ ಎಂಬುದು ನಿಯಮ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ.

ನಲವತ್ತು ದಾಟಿದ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕೂತು ಕಪ್ಪು ಬೂಟಿನೊಳಗೆ ಕಾಲು ತೂರಿಸಲು ಒದ್ದಾಡುತ್ತಿದ್ದಾಳೆ.

"ಬಿಗಿ ಆಗ್ತದೆ ಅಕ್ಕ."

"ಆಗ್ಲಿ ಬಿಡು. ಒಳಗೆ ಹೋಗಿ ಬರೋಕೆ ಹದಿನೈದು ನಿಮಿಷ. ಅವನ ಜೊತೆ ಇಪ್ಪತ್ತು ವರ್ಷ ಬಾಳಿದೀಯಲ್ಲ, ಅದಕ್ಕಿಂತ ಬಿಗಿನಾ ಇದು?"

ಸಾಲಿನಲ್ಲಿ ಕೂತವರು ನಗುತ್ತಾರೆ. ಆ ಹೆಂಗಸಿನ ಗಂಡನೂ ಪಕ್ಕದಲ್ಲೇ ಇದ್ದಾನೆ, ಅವನೂ ನಗುತ್ತಾನೆ. ಮದುವೆಯಾಗಿ ಇಪ್ಪತ್ತು ವರ್ಷ, ಮಕ್ಕಳು ನಾಲ್ಕು. ಇವತ್ತು ಅವರಿಬ್ಬರೂ ಬಂದಿರುವುದು ತಮ್ಮ ಮದುವೆ ಆಗಿದೆ ಎಂದು ಸರ್ಕಾರಕ್ಕೆ ತೋರಿಸಿ ಕಾಗದ ಪಡೆಯಲಿಕ್ಕೆ. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಮಸೀದಿಯ ಪಕ್ಕದ ಮನೆಯಲ್ಲಿ ಗುರುಗಳು ಮದುವೆ ಮಾಡಿಸುತ್ತಾರೆ, ಊಟ ಹಾಕುತ್ತಾರೆ, ಆಯಿತು. ನೋಂದಣಿ ಕಚೇರಿಗೆ ಆಮೇಲೆ ಹೋದರಾಯಿತು ಅಂದುಕೊಳ್ಳುತ್ತಾರೆ. ಆ ಆಮೇಲೆ ಬರುವುದು ಮಗುವನ್ನು ಶಾಲೆಗೆ ಸೇರಿಸುವಾಗ, ಇಲ್ಲವೇ ಗಂಡ ಕಣ್ಣುಮುಚ್ಚಿದಾಗ. ನನ್ನ ಸ್ವಂತ ಅಕ್ಕನ ಮದುವೆಗೆ ಇವತ್ತಿಗೂ ಕಾಗದವಿಲ್ಲ. ನಾನು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದೇನೆ.

ಗೇಟಿನ ಕಾವಲುಗಾರ ಬಂದು ಬೀಗ ತೆಗೆಯುತ್ತಾನೆ. "ಬಂದ್ರಾ ದೊಡ್ಡ ಜಡ್ಜಮ್ಮ? ಚಿಕ್ಕ ಜಡ್ಜುಗಳು ಒಂಬತ್ತಕ್ಕೆ ಬರ್ತಾರೆ" ಎನ್ನುತ್ತಾನೆ. ದಿನಾ ಇದೇ ಮಾತು. ಜುವಾರಿಯಾ ಅವನ ಕೈಗೆ ಬಾಳೆಎಲೆಯಲ್ಲಿ ಕಟ್ಟಿದ ತೆಂಗಿನಹಾಲಿನ ಅನ್ನದ ಪೊಟ್ಟಣ ಕೊಟ್ಟು ಸರದಿಯ ಚೀಟಿ ತೆಗೆಯಲು ಹೋಗುತ್ತಾರೆ. ಮಂಗಳವಾರ, ಗುರುವಾರ ಅರುವತ್ತು ಚೀಟಿ ಮಾತ್ರ. ಆರು ಗಂಟೆಗೆ ಸಾಲಿನಲ್ಲಿ ಇಲ್ಲದವರು ಮುಂದಿನ ಸರದಿಗೆ ಬರಬೇಕು, ಅಂದರೆ ಕಾರ್ಖಾನೆಯಲ್ಲಿ ಇನ್ನೊಂದು ದಿನದ ರಜೆ ಕೇಳಬೇಕು, ಅಂದರೆ ಮೇಸ್ತ್ರಿಯ ಬೈಗುಳ ತಿನ್ನಬೇಕು.

ಜುವಾರಿಯಾ ವಕೀಲೆಯಲ್ಲ. ಓದಿದ್ದು ಆರನೇ ತರಗತಿ. ವಯಸ್ಸು ಐವತ್ತಾರು. ಇಪ್ಪತ್ತೊಂದು ವರ್ಷಗಳಿಂದ ಕರಂಗ್‌ಜಾತಿ ಹಳ್ಳಿಯಿಂದ ಈ ಕಟ್ಟೆಗೆ ಬರುತ್ತಿದ್ದಾರೆ. ಅರ್ಜಿ ತುಂಬಿಸುತ್ತಾರೆ, ಸಾಕ್ಷಿಗಳನ್ನು ಹುಡುಕಿ ಕರೆತರುತ್ತಾರೆ, ಬಸ್ಸು ಹತ್ತಿಸುತ್ತಾರೆ. ಕೋರ್ಟಿನೊಳಗೆ ಬಾಯಿ ತೆರೆಯುವ ಹಕ್ಕು ಅವರಿಗಿಲ್ಲ. ಮೊದಲೆಲ್ಲ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಸಾಕ್ಷಿಗಳು ಪ್ರತಿ ಮಾತಿಗೂ ತಿರುಗಿ ಇವರ ಮುಖ ನೋಡುತ್ತಾರೆಂದು ಒಬ್ಬ ನ್ಯಾಯಾಧೀಶರು ಹೊರಗೆ ಕಳಿಸಿದರು. ಅಂದಿನಿಂದ ಬಾಗಿಲಾಚೆಯ ಪ್ಲಾಸ್ಟಿಕ್ ಕುರ್ಚಿಯೇ ಅವರ ಜಾಗ.

ಅವರ ಕೆಲಸಕ್ಕೆ ಸಂಬಳವಿಲ್ಲ. ಮಧ್ಯಾಹ್ನದ ಮೇಲೆ ಮನೆಯಲ್ಲಿ ಶಾಲೆ ಸಮವಸ್ತ್ರ ಹೊಲಿಯುತ್ತಾರೆ, ಅದೇ ಬದುಕು.

"ಇದಕ್ಕೆ ಹೇಗೆ ಬಂದಿರಿ?" ಎಂದು ಕೇಳಿದೆ.

"ಊಟ ಕೊಡ್ತಾರೆ ಅಂತ ಬಂದೆ" ಎಂದರು.

ಹಾಸ್ಯವಲ್ಲ, ನಿಜ. ಹದಿನಾಲ್ಕು ವರ್ಷ ಬೂಟಿನ ಕಾರ್ಖಾನೆಯಲ್ಲಿ ಮೇಲ್ಚರ್ಮ ಹೊಲಿಯುತ್ತಿದ್ದ ಹೆಂಗಸು. ಮೂವತ್ನಾಲ್ಕನೇ ವಯಸ್ಸಿಗೆ ಗಂಡ ಇಬ್ಬರು ಹೆಣ್ಣುಮಕ್ಕಳನ್ನು ಇವರ ಮಡಿಲಿಗೆ ಹಾಕಿ ಪಟ್ಟಣದಲ್ಲಿ ಇನ್ನೊಂದು ಮದುವೆಯಾದ. ಆ ಮದುವೆಗೆ ಕಾಗದವಿತ್ತು, ಇವರದಕ್ಕೆ ಇರಲಿಲ್ಲ. ವಿಚ್ಛೇದನ ಕೇಳಲು ಇದೇ ಕೋರ್ಟಿಗೆ ಬಂದರು. "ಮದುವೇನೇ ಆಗದವ್ರಿಗೆ ವಿಚ್ಛೇದನ ಎಲ್ಲಿಂದ ಬರುತ್ತೆ ತಾಯಿ?" ಎಂದು ಒಳಗಿನವರು ಹೇಳಿ ಕಳಿಸಿದರು. ಮರುವರ್ಷ ಕಾನೂನು ನೆರವಿನ ಸಂಘದವರು ಹಳ್ಳಿಯ ಸಭಾಮನೆಯಲ್ಲಿ ಹನ್ನೆರಡು ದಿನದ ತರಬೇತಿ ಇಟ್ಟರು. ಡಬ್ಬಿಯಲ್ಲಿ ಊಟ, ಅದರಲ್ಲಿ ಒಂದು ಕೋಳಿತುಂಡು. ಜುವಾರಿಯಾ ತಾನು ಅನ್ನ ತಿಂದು ಕೋಳಿಯನ್ನು ಮಕ್ಕಳಿಗೆ ಒಯ್ಯುತ್ತಿದ್ದರು. ಹನ್ನೆರಡನೆಯ ದಿನದ ಹೊತ್ತಿಗೆ ಊಟ ಮರೆತು ಪಾಠ ಕೇಳತೊಡಗಿದ್ದರು.

"ನನ್ನದೇ ಕಥೆ ಹೇಳ್ತಾ ಇದ್ರು ಅವ್ರು. ಬೇರೆ ಬೇರೆ ಹೆಸರಿಟ್ಟು ನನ್ನದೇ ಕಥೆ."

ಸಂಜೆ ಅವರ ಮನೆಯಂಗಳದಲ್ಲಿ ಜನ ಸೇರುತ್ತಾರೆ. ನಾನು ಹೋದ ದಿನ ಏಳು ಜನ. ಕಾರ್ಖಾನೆಯ ಹುಡುಗಿಯೊಬ್ಬಳು ಫೋನು ಚಾಚಿ ತೋರಿಸಿದಳು. ಆರು ವರ್ಷದಿಂದ ಮೂರು ಮೂರು ತಿಂಗಳ ಕರಾರಿನಲ್ಲಿ ದುಡಿಸಿಕೊಂಡು ನಿನ್ನೆ ಸಂದೇಶ ಕಳಿಸಿ ಬಿಡಿಸಿದ್ದಾರೆ.

"ಸೇರುವಾಗ ಖಾಲಿ ಕಾಗದಕ್ಕೆ ಸಹಿ ಹಾಕಿಸ್ಕೊಂಡಿದ್ರಾ?"

"ಹೂಂ ಅಕ್ಕ. ಎಲ್ಲರ ಹತ್ರಾನೂ."

"ಅದೇ ನಿನ್ನ ರಾಜೀನಾಮೆ ಆಗಿರುತ್ತೆ ಈಗ. ಹೋಗ್ಲಿ, ಅಳಬೇಡ. ಹಳೇ ಕರಾರೆಲ್ಲ ಇದ್ಯಾ? ಎಲ್ಲಾ ತಗೊಂಬಾ. ನಿನ್ನೆ ಬಂದ ಸಂದೇಶ ಅಳಿಸಬೇಡ, ಫೋನು ಮಾರಬೇಡ."

ಸೋಯಾಕಾಳಿನ ತೋಫು ಮಾಡುವವನೊಬ್ಬ ಬಂದಿದ್ದ. ಅಂಗಡಿ ಇವನದು, ಒಲೆ ಇವನದು, ಪರವಾನಗಿ ಮಾತ್ರ ಭಾವಮೈದುನನ ಹೆಸರಲ್ಲಿ. ಈಗ ಭಾವಮೈದುನ ಅಂಗಡಿ ತನ್ನದೇ ಎನ್ನುತ್ತಿದ್ದಾನೆ. "ಅವತ್ತು ಅವನ ಹೆಸರಲ್ಲಿ ಯಾಕೆ ಮಾಡಿಸಿದೆ?" ಎಂದರೆ "ಸಾಲಿನಲ್ಲಿ ನಿಲ್ಲೋಕೆ ಅವನಿಗೆ ಪುರುಸೊತ್ತಿತ್ತು" ಎಂದ. ಜುವಾರಿಯಾ ಅವನ ಮುಖವನ್ನೇ ನೋಡಿದರು. ಆಮೇಲೆ ಹೊಲಿಗೆ ಯಂತ್ರ ನಿಲ್ಲಿಸಿ ಸೋಯಾ ಕೊಂಡ ರಸೀದಿಗಳಿವೆಯೇ ಎಂದು ಕೇಳತೊಡಗಿದರು. ನನಗಾಗಿದ್ದರೆ ರೇಗಿಹೋಗುತ್ತಿತ್ತು.

ಇಪ್ಪತ್ತೊಂದು ವರ್ಷದಲ್ಲಿ ಅವರು ಕಾಗದ ಮಾಡಿಸಿಕೊಟ್ಟ ಮದುವೆಗಳು ನಾನೂರ ಹನ್ನೆರಡು. ತಿರಸ್ಕಾರವಾದವು ಮೂವತ್ತೆಂಟು.

"ನಾನೂರ ಹನ್ನೆರಡು ಜೋಡಿಗಳ ಹೆಸರು ನೆನಪಿಲ್ಲ. ದಾರೀಲಿ ಕಂಡು ಮಾತಾಡಿಸ್ತಾರೆ, ನಾನು ನಕ್ಕು ಹೂಂ ಅಂತೀನಿ. ಆ ಮೂವತ್ತೆಂಟರದ್ದು ಎಲ್ಲಾ ಇದೆ. ಅವ್ರ ಮಕ್ಕಳ ಹೆಸರೂ ಇದೆ."

ಮೂವತ್ತೆಂಟನೆಯದು ವಿವಿನ್‌ಳದು. ನಾನು ಜುವಾರಿಯಾ ಅವರನ್ನು ಹುಡುಕಿಕೊಂಡು ಹೋದಾಗ ಆ ಅರ್ಜಿ ಇನ್ನೂ ನಡೆಯುತ್ತಿತ್ತು. ಕಾಗದ ಮಾಡಿಸಿಕೊಟ್ಟ ಒಂದು ಮದುವೆಯ ಕಥೆ ಬರೆದು ಕೈತೊಳೆದುಕೊಳ್ಳುವುದು ನನ್ನ ಆಲೋಚನೆ. ಹಾಗೆ ಆಗಲಿಲ್ಲ.

ವಿವಿನ್‌ಗೆ ಮೂವತ್ತು ವರ್ಷ, ಜುವಾರಿಯಾರ ಮನೆಯಿಂದ ಮೂರನೇ ಮನೆ. ಗಂಡ ಕುಸ್ನಾದಿ ಬೂಟಿನ ಅಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೋದ ವರ್ಷ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ಲಾರಿ ಬಡಿದು ಸತ್ತ. ಕೆಲಸದಿಂದ ಮನೆಗೆ ಬರುವ ದಾರಿಯೂ ಕೆಲಸದ ಲೆಕ್ಕವೇ ಎಂದು ನಮ್ಮ ಕಾನೂನು ಹೇಳುತ್ತದೆ. ಹಾಗಾಗಿ ಹೆಂಡತಿಗೆ ಪಿಂಚಣಿ ಬರಬೇಕು, ಮಗಳ ಓದಿನ ಖರ್ಚೂ ಬರಬೇಕು. ಕಾರ್ಖಾನೆಯ ಕಚೇರಿಯವರು ಒಳ್ಳೆಯವರೇ, ಚಹಾ ಕೊಟ್ಟು ಕೂರಿಸಿದರು. ಮದುವೆಯ ಕಾಗದ ತನ್ನಿ ಎಂದರು. ಕಾಗದವಿಲ್ಲ. ಒಂಬತ್ತು ವರ್ಷದ ಮಗಳು ನೈಲಾಳ ಜನನಪತ್ರದಲ್ಲಿ ಇರುವುದು ತಾಯಿಯ ಹೆಸರು ಮಾತ್ರ.

ವಿವಿನ್‌ಗೆ ದುಡ್ಡಿಗಿಂತ ದೊಡ್ಡದಾಗಿದ್ದದ್ದು ಆ ಜನನಪತ್ರ, ಮತ್ತೆ ತಾನು ಕುಸ್ನಾದಿಯ ಹೆಂಡತಿ ಎಂದು ಯಾರಾದರೂ ಬರೆದು ಕೊಡುವುದು. "ಹತ್ತು ವರ್ಷ ಅವ್ರ ಬಟ್ಟೆ ಒಗೆದೆ. ಹೆಣ ತೊಳೆಯೋವಾಗ ನೀರು ಹಾಕಿದ್ದು ನಾನು. ನಾನು ಯಾರು ಅಂತ ಒಂದು ಕಾಗದದಲ್ಲಿ ಬರೀಲಿ ಸಾಕು" ಎಂದು ನನ್ನ ಹತ್ತಿರವೇ ಹೇಳಿದ್ದಳು.

ಮದುವೆ ಆಗಿ ಹನ್ನೊಂದು ವರ್ಷ. ಉಪವಾಸದ ತಿಂಗಳು ಹತ್ತಿರ ಬಂದಿತ್ತು, ಆ ತಿಂಗಳಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಹುಡುಗ ಹುಡುಗಿ ಒಟ್ಟಿಗೆ ಬೈಕಿನಲ್ಲಿ ಓಡಾಡುತ್ತಿದ್ದರು, ಊರಿನ ಬಾಯಿ ಸುಮ್ಮನಿರಲಿಲ್ಲ. ಆದರೆ ಹುಡುಗಿಯ ತಂದೆ ವಾರ್ಸಿಮ್ ಆಗ ಮಲೇಷ್ಯಾದ ತಾಳೆತೋಟದಲ್ಲಿ ಕೂಲಿಗೆ ಹೋಗಿದ್ದ. ಕಾಡಿನೊಳಗೆ ಎರಡು ತಿಂಗಳಿಂದ ಅವನ ಫೋನು ಸಿಗುತ್ತಿರಲಿಲ್ಲ. ನೋಂದಣಿ ಕಚೇರಿಗೆ ಹೋದರೆ ತಂದೆ ಬರಲಿ ಇಲ್ಲವೇ ಅವನ ಒಪ್ಪಿಗೆ ಬರಹದಲ್ಲಿ ಬರಲಿ, ಅದೂ ಆಗದಿದ್ದರೆ ತಂದೆ ಸಿಗುತ್ತಿಲ್ಲವೆಂದು ಹಳ್ಳಿಯ ಮುಖ್ಯಸ್ಥರಿಂದ ಕಾಗದ ತನ್ನಿ, ನಾವೇ ತಂದೆಯ ಜಾಗದಲ್ಲಿ ಕೂರುತ್ತೇವೆ ಎಂದರು. ಕಾಗದದ ಹಿಂದೆ ಓಡಾಡಲು ಪುರುಸೊತ್ತಿಲ್ಲ. ಮನೆಯವರು ಮದರಸದ ಹಿರಿಯ ಗುರುಗಳ ಹತ್ತಿರ ಹೋದರು. ಗುರುಗಳು "ನಾನಿದೀನಲ್ಲ" ಎಂದರು. ತಾವೇ ತಂದೆಯ ಜಾಗದಲ್ಲಿ ಕೂತು ಹುಡುಗಿಯನ್ನು ಕೊಟ್ಟರು.

ಅಲ್ಲೇ ತಪ್ಪಿದ್ದು. ನಮ್ಮ ಧರ್ಮದ ಕಾನೂನಿನಲ್ಲಿ ಹುಡುಗಿಯನ್ನು ಕೊಡಬೇಕಾದವನು ತಂದೆ. ಅವನು "ನನ್ನ ಬದಲು ನೀವು ಕೊಡಿ" ಎಂದು ಬಾಯಿಬಿಟ್ಟು ಒಪ್ಪಿಸಿದರೆ ಮಾತ್ರ ಇನ್ನೊಬ್ಬರು ಕೊಡಬಹುದು. ತಂದೆ ಸಿಗದಿದ್ದರೆ ಆ ಹಕ್ಕು ನೋಂದಣಿ ಕಚೇರಿಯ ಅಧಿಕಾರಿಗೆ ಮಾತ್ರ. ಒಪ್ಪಿಸದೆ ಕೊಟ್ಟರೆ, ಕೊಟ್ಟವರು ಎಷ್ಟೇ ದೊಡ್ಡವರಾದರೂ ಅದು ಮದುವೆಯಲ್ಲ. ಗುರುಗಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತಂದೆಯ ಮಾತು ಬಂದಿದೆ ಎಂದು ಮನೆಯವರು ಹೇಳಿರುತ್ತಾರೆ ಅಂದುಕೊಂಡರು. ಮನೆಯವರು ಗುರುಗಳು ಒಪ್ಪಿದ ಮೇಲೆ ತಂದೆಯ ಮಾತು ಯಾಕೆ ಅಂದುಕೊಂಡರು. ಗುರುಗಳನ್ನು ತಿರುಗಿ ಪ್ರಶ್ನೆ ಕೇಳುವುದು ನಮ್ಮಲ್ಲಿ ಇಲ್ಲ. ಅವರು ಬಂದರೆ ಕೈಗೆ ಮುತ್ತಿಟ್ಟು ಹಿಂದೆ ಸರಿಯುತ್ತೇವೆ.

ಐದು ವಾರದ ಮೇಲೆ ವಾರ್ಸಿಮ್‌ನ ಫೋನು ಸಿಕ್ಕಿತು. "ಆಗಿಹೋಯ್ತಲ್ಲ, ದೇವರು ಚೆನ್ನಾಗಿಟ್ಟಿರಲಿ" ಎಂದ. ಎರಡು ವರ್ಷದ ಮೇಲೆ ಊರಿಗೇ ಬಂದ. ಅವತ್ತು ಅವನನ್ನು ಕೂರಿಸಿ, ಇಬ್ಬರು ಸಾಕ್ಷಿಗಳನ್ನು ಕರೆದು ಮದುವೆಯ ನಾಲ್ಕು ಮಾತು ಮತ್ತೊಮ್ಮೆ ಹೇಳಿಸಿದ್ದರೆ ಸರಿಹೋಗುತ್ತಿತ್ತು. ಐದು ನಿಮಿಷದ ಕೆಲಸ. ಆದರೆ ಹಾಗೆ ಮಾಡಿದರೆ ಗುರುಗಳು ತಪ್ಪಿದರು ಎಂದು ಹೇಳಿದಂತಾಗುತ್ತದೆ. ಯಾರೂ ಮಾಡಲಿಲ್ಲ. ಗುರುಗಳು ನಾಲ್ಕು ವರ್ಷದ ಹಿಂದೆ ತೀರಿಹೋದರು. ಅವರ ಸಮಾಧಿಗೆ ಪ್ರತಿ ಗುರುವಾರ ಸಂಜೆ ಜನ ಹೋಗುತ್ತಾರೆ, ನಾನೂ ಹೋಗಿದ್ದೇನೆ.

ಕೋರ್ಟಿನ ದಿನ ಬೆಳಿಗ್ಗೆ ನಾನು ಕಟ್ಟೆಯ ಮೇಲಿದ್ದೆ. ವಾರ್ಸಿಮ್ ಬಂದ. ಅರುವತ್ತು ದಾಟಿದ ಮನುಷ್ಯ, ಒಗೆದು ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಕಾಲಿಗೆ ಜುವಾರಿಯಾ ಕೊಟ್ಟ ಬೂಟು. ಕೂತು ಲವಂಗದ ಸಿಗರೇಟು ಸೇದಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ತಂಗಿ, ಐದು ವಾರ ಹಿಂದುಮುಂದು ಮಾಡಿ ಹೇಳಿದ್ರೆ ಯಾರಿಗೆ ಗೊತ್ತಾಗ್ತದೆ? ಮದುವೆಗೆ ಮುಂಚೆನೇ ಫೋನು ಬಂದಿತ್ತು, ನಾನೇ ಗುರುಗಳಿಗೆ ಒಪ್ಪಿಸಿದ್ದೆ ಅಂದ್ರೆ?"

ಜುವಾರಿಯಾ ಅರ್ಜಿಯ ಹಾಳೆಗಳನ್ನು ಸರಿಮಾಡುತ್ತ ಇದ್ದರು.

"ಗುರುಗಳು ಬಂದು ಇಲ್ಲ ಅನ್ನೋದಿಲ್ಲ" ಎಂದ ವಾರ್ಸಿಮ್. "ಫೋನಂತೂ ಎಂದೋ ಕೆಟ್ಟುಹೋಯ್ತು. ನೀನು ಹೂಂ ಅನ್ನು, ಅಷ್ಟೇ ಹೇಳ್ತೀನಿ."

"ತಲೆ ಮೇಲೆ ಕುರಾನ್ ಹಿಡಿದು ಪ್ರಮಾಣ ಮಾಡಿಸ್ತಾರೆ ಅಣ್ಣ."

"ಅದು ನನಗೂ ದೇವರಿಗೂ ಬಿಟ್ಟಿದ್ದು. ನಾನು ಕೇಳ್ತಿರೋದು ನಿನ್ನ."

"ಆದದ್ದನ್ನೇ ಹೇಳಿ ಅಣ್ಣ" ಎಂದರು ಜುವಾರಿಯಾ.

ವಾರ್ಸಿಮ್ ಸಿಗರೇಟು ಆರಿಸಿ ಎದ್ದ. ಆ ಹೊತ್ತಿಗೆ ನನಗೆ ಜುವಾರಿಯಾ ಬಗ್ಗೆ ಹೆಮ್ಮೆ ಅನ್ನಿಸಿತು. ಅದನ್ನು ಬರೆದುಕೊಂಡೂಬಿಟ್ಟೆ. ಈಗ ಆ ಟಿಪ್ಪಣಿ ನೋಡಲು ನಾಚಿಕೆಯಾಗುತ್ತದೆ.

ಮೂವರು ನ್ಯಾಯಾಧೀಶರ ಪೀಠ. ನಡುವೆ ಕೂತವರು ಹೆಂಗಸು. ಗಂಡ ಸತ್ತಿರುವುದರಿಂದ ಅವನ ಕಡೆಯವರನ್ನು ಎದುರುಪಕ್ಷವಾಗಿ ಕರೆಯಬೇಕು. ಬಂದಿದ್ದವಳು ಕುಸ್ನಾದಿಯ ತಾಯಿ. ಅತ್ತೆ ಸೊಸೆ ಇಬ್ಬರೂ ಒಂದೇ ಬೈಕಿನಲ್ಲಿ ಬಂದಿದ್ದರು. ಈ ಅರ್ಜಿಗೆ ನಿಮ್ಮ ವಿರೋಧವಿದೆಯೇ ಎಂದರೆ ಮುದುಕಿ, "ಇವಳು ನನ್ನ ಸೊಸೆ. ಎದುರುಪಕ್ಷ ಅಂತ ನನ್ನ ಯಾಕೆ ಬರೆದಿರಿ?" ಎಂದು ಕೇಳಿದಳು. ಮದುವೆಯ ಸಾಕ್ಷಿಗಳಿಬ್ಬರೂ ಬಂದರು. ಆ ಇಡೀ ಕೋಣೆಯಲ್ಲಿ ವಿವಿನ್ ಕುಸ್ನಾದಿಯ ಹೆಂಡತಿಯಲ್ಲ ಎನ್ನುವವರು ಒಬ್ಬರೂ ಇರಲಿಲ್ಲ.

ವಾರ್ಸಿಮ್‌ನ ಸರದಿ ಬಂತು. ನ್ಯಾಯಾಧೀಶೆ ಕೇಳಿದರು. "ಮದುವೆಯ ದಿನಕ್ಕೆ ಮುಂಚೆ ನೀವು ಗುರುಗಳಿಗೆ ಒಪ್ಪಿಸಿದ್ರಾ?"

"ಇಲ್ಲಮ್ಮ. ಐದು ವಾರ ಆದ್ಮೇಲೆ ನನಗೆ ಗೊತ್ತಾಯ್ತು."

"ಬೇರೆ ಯಾರ ಮೂಲಕನಾದ್ರೂ ಹೇಳಿ ಕಳಿಸಿದ್ರಾ?"

"ಇಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಧಾನವಾಗಿ ನೆನಪು ಮಾಡ್ಕೊಳ್ಳಿ. ಮಲೇಷ್ಯಾಕ್ಕೆ ಹೊರಡೋವಾಗ, ನಾನಿಲ್ಲದಾಗ ಮಗಳ ಮದುವೆ ಬಂದ್ರೆ ಗುರುಗಳೇ ಮಾಡ್ಲಿ ಅಂತ, ಮನೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದೂ ನೆನಪಿಲ್ವಾ?"

ಅವರು ದಾರಿ ತೋರಿಸುತ್ತಿದ್ದರು. ಕಾನೂನು ಬಿಡದ ಜಾಗದಲ್ಲಿ ಕೈಲಾದಷ್ಟು ಬಾಗಿ ಕೈ ಚಾಚಿದ್ದರು. ಹೂಂ ಎಂದರೆ ಸಾಕಿತ್ತು. ವಾರ್ಸಿಮ್ ಬಾಗಿಲ ಕಡೆ ತಿರುಗಿದ. ಬಾಗಿಲು ಮುಚ್ಚಿತ್ತು, ಅದರಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜುವಾರಿಯಾ ಕೂತಿದ್ದರು. ಅವನು ಮತ್ತೆ ಮುಂದಕ್ಕೆ ತಿರುಗಿದ.

"ಹೊರಡೋವಾಗ ಅವಳಿನ್ನೂ ಶಾಲೆಗೆ ಹೋಗ್ತಿದ್ಲಮ್ಮ. ಮದುವೆ ಮಾತೇ ಇರಲಿಲ್ಲ."

ಎರಡು ವಾರದ ಮೇಲೆ ತೀರ್ಪು ಬಂತು. ಅರ್ಜಿ ತಿರಸ್ಕೃತ. ಮೇಲಿನ ಕೋರ್ಟಿಗೆ ಹೋಗಲು ಹದಿನಾಲ್ಕು ದಿನವಿತ್ತು. ಸಂಘದ ವಕೀಲರು ಓದಿ ನೋಡಿ, ತಂದೆಯೇ ಹೀಗೆ ಹೇಳಿದ ಮೇಲೆ ಅಲ್ಲಿ ಹಿಡಿಯಲು ಏನೂ ಇಲ್ಲ ಎಂದರು.

ಊರಿನಲ್ಲಿ ಬೇರೆಯದೇ ತೀರ್ಪಾಯಿತು. ತೀರಿಹೋದ ಗುರುಗಳ ಮೇಲೆ ವಾರ್ಸಿಮ್ ತಪ್ಪು ಹೊರಿಸಿದ, ಅದೂ ಕೋರ್ಟಿನಲ್ಲಿ, ಎಂದು ಮಾತು ಹರಡಿತು. ಗುರುಗಳು ಮಾಡಿಸಿದ ಮದುವೆ ಮದುವೆಯಲ್ಲವಾದರೆ ನಮ್ಮೆಲ್ಲರದೂ ಅಲ್ಲವೇ ಎಂದು ಹೆಂಗಸರು ಬಾವಿಯ ಹತ್ತಿರ ಕೂಗಾಡಿದರು. ವಾರ್ಸಿಮ್ ಶುಕ್ರವಾರದ ಪ್ರಾರ್ಥನೆಗೆ ಪಕ್ಕದ ಹಳ್ಳಿಗೆ ಹೋಗುತ್ತಿದ್ದಾನೆ. ವಿವಿನ್ ಜುವಾರಿಯಾರ ಮನೆಯ ಮುಂದೆ ಹಾಯುವುದನ್ನು ಬಿಟ್ಟು ಕಾಲುವೆ ಬದಿಯಿಂದ ಬಳಸಿಕೊಂಡು ಹೋಗತೊಡಗಿದಳು.

ಜುವಾರಿಯಾರನ್ನು ನೇರವಾಗಿ ಕೇಳಿದೆ. ಹೂಂ ಅನ್ನಬಹುದಿತ್ತಲ್ಲ? ಒಂದೇ ಒಂದು ಸುಳ್ಳು, ಯಾರಿಗೂ ನಷ್ಟವಿರಲಿಲ್ಲ.

"ನನ್ನ ಕಟ್ಟೆಯಿಂದ ಹೋದ ಸಾಕ್ಷಿ ಸುಳ್ಳು ಹೇಳೋದಿಲ್ಲ ಅಂತ ಒಳಗೆ ಗೊತ್ತು. ಅದಕ್ಕೇ ಮುದುಕರು ತಾರೀಖು ತಪ್ಪಿದ್ರೂ, ಮಾತು ಮರೆತ್ರೂ ಅವ್ರು ನಂಬ್ತಾರೆ. ಒಂದು ಸುಳ್ಳು ಸಿಕ್ಕಿಬಿದ್ರೆ ಆಮೇಲೆ ಬರೋ ಅಷ್ಟೂ ಹೆಂಗಸರನ್ನ ಅನುಮಾನದಿಂದ ನೋಡ್ತಾರೆ." ಹೊಲಿಗೆ ಯಂತ್ರ ನಿಲ್ಲಿಸಿದರು. "ಹೀಗೆ ನನಗೆ ನಾನೇ ಹೇಳ್ಕೋತೀನಿ. ಹೇಳ್ಕೊಂಡ್ರೂ ನಿದ್ದೆ ಬರಲ್ಲ."

ಯಂತ್ರದಲ್ಲಿ ಶಾಲೆಯ ಕೆಂಪು ಲಂಗವೊಂದು ಅರ್ಧ ಹೊಲಿದು ನಿಂತಿತ್ತು. ಅದರ ಅಂಚು ಮಡಿಸುತ್ತ ಅವರೇ ಮುಂದುವರಿಸಿದರು.

"ನಿಮಗೆ ಒಂದು ಹೇಳಿಲ್ಲ. ಆ ಮದುವೇಲಿ ನಾನಿದ್ದೆ. ಅನ್ನ ಬಡಿಸಿದ್ದು ನಾನೇ. ಆಗಲೇ ಈ ಕೆಲಸಕ್ಕೆ ಬಂದು ಹತ್ತು ವರ್ಷ. ವಾರ್ಸಿಮ್ ಅಣ್ಣ ಊರಲ್ಲಿಲ್ಲ ಅಂತ ಗೊತ್ತು, ಫೋನು ಸಿಗ್ತಿಲ್ಲ ಅಂತಾನೂ ಗೊತ್ತು. ಗುರುಗಳು ತಂದೆ ಜಾಗದಲ್ಲಿ ಕೂತಿದ್ದು ಅಡುಗೆಮನೆ ಬಾಗಿಲಿಂದ ಕಾಣ್ತಿತ್ತು. ತಂದೆ ಒಪ್ಪಿಸಿದ್ದಾರಾ ಅಂತ ಕೇಳಬೇಕು ಅಂತ ಬಾಯಿವರೆಗೆ ಬಂತು. ಕೋರ್ಟಿನ ಕಟ್ಟೇಲಿ ಕೂತು ದಿನಾ ನೂರು ಜನರನ್ನ ಕೇಳೋಳು ನಾನು. ಗುರುಗಳನ್ನ ಹೇಗೆ ಕೇಳೋದು? ಆರನೇ ಕ್ಲಾಸಿನೋಳು ಗುರುಗಳಿಗೆ ಪಾಠ ಹೇಳೋಕೆ ಬಂದ್ಲು ಅಂತಾರೆ. ತಟ್ಟೆ ಎತ್ಕೊಂಡು ಒಳಗೆ ಹೋದೆ."

"ವಿವಿನ್‌ಗೆ ಇದು ಗೊತ್ತಾ?"

"ತೀರ್ಪು ಬಂದ ದಿನ ಹೇಳಿದೆ. ಅದಕ್ಕೇ ಅವಳು ಕಾಲುವೆ ಬದಿಯಿಂದ ಹೋಗೋದು."

ತಪ್ಪು ಅವರೊಬ್ಬರದಲ್ಲ, ಇಡೀ ಊರಿನದು ಎಂದು ಹೇಳಬಹುದಿತ್ತು. ಅದು ಅವರಿಗೂ ಗೊತ್ತು. ಗೊತ್ತಿದ್ದು ಏನೂ ಪ್ರಯೋಜನವಿಲ್ಲ.

ಈಗ ಉಳಿದಿರುವ ದಾರಿ ಒಂದೇ. ಮದುವೆ ಸಿಂಧುವಲ್ಲದಿದ್ದರೂ ಮಗು ಇಂಥವನದೇ ಎಂದು ಕೋರ್ಟು ಬೇರೆಯಾಗಿ ಹೇಳಬಹುದು. ಹಾಗೆ ಹೇಳಿಸಿಕೊಂಡರೆ ನೈಲಾಳ ಜನನಪತ್ರಕ್ಕೆ ತಂದೆಯ ಹೆಸರು ಬರುತ್ತದೆ, ಅವಳ ಓದಿನ ಖರ್ಚೂ ಸಿಗುತ್ತದೆ. ತಾಯಿಗೆ ಏನೂ ಇಲ್ಲ. ಹೋದ ತಿಂಗಳು ವಿವಿನ್ ತಾನಾಗಿಯೇ ಜುವಾರಿಯಾರ ಅಂಗಳಕ್ಕೆ ಬಂದಳು. ಮಗಳ ಜನನಪತ್ರವನ್ನು ಹೊಲಿಗೆ ಯಂತ್ರದ ಮೇಲಿಟ್ಟಳು.

ಆ ಅರ್ಜಿ ಈ ವಾರ ಕೊಟ್ಟಾಯಿತು. ಅದು ಹೇಗಾಗುತ್ತದೋ ಇನ್ನೂ ತಿಳಿದಿಲ್ಲ. ಕೊನೆಯ ಸಲ ಭೇಟಿಯಾದಾಗ, ಇಂಥ ಲೇಖನಗಳಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವರನ್ನೂ ಕೇಳಿದೆ. ನಿಮಗೇನು ಆಸೆ?

"ಆಸೆ ಏನಿದೆ. ನೈಲಾದು ಆಗಲಿ" ಎಂದರು. ಆಮೇಲೆ ಅರ್ಜಿ ಬರೆದ ದಿನದ ವಿಷಯ ತಾವಾಗಿಯೇ ಎತ್ತಿದರು.

"ಅರ್ಜಿ ಜೊತೆ ತಾಯಿಯ ಹೇಳಿಕೆ ಕೈಬರಹದಲ್ಲಿ ಕೊಡಬೇಕು. ಅವಳು ಪೆನ್ನು ನನ್ನ ಕೈಗೆ ಕೊಟ್ಲು, ನಾನೇ ಬರೆದೆ, ಅವಳು ಸಹಿ ಹಾಕಿದ್ಲು. ಅದರಲ್ಲಿ ಒಂದು ಸಾಲು ಬರಲೇಬೇಕು, ನಾನು ಕುಸ್ನಾದಿಯವರ ಕಾನೂನುಬದ್ಧ ಹೆಂಡತಿಯಾಗಿರಲಿಲ್ಲ ಅಂತ. ಅದನ್ನ ಒಪ್ಕೊಂಡ್ರೇನೇ ಮಗೂ ವಿಷಯ ನೋಡೋದು. ನಾನು ಅಲ್ಲಿಗೆ ಬಂದು ಪೆನ್ನು ನಿಲ್ಲಿಸಿದೆ. ‘ಬರೀರಿ ಅಕ್ಕ, ಆದದ್ದನ್ನೇ ಬರೀರಿ’ ಅಂದ್ಲು ಅವಳು. ಸಿಟ್ಟಿನಿಂದ ಅಂದಿದ್ರೆ ಚೆನ್ನಾಗಿತ್ತು. ಸುಮ್ಮನೆ ಅಂದ್ಲು. ಹೇಗೋ ಗೀಚಿದೆ. ಕಿಟಕಿಯಲ್ಲಿ ಕೊಟ್ರೆ ಗುಮಾಸ್ತ ನೋಡಿ, ಈ ಸಾಲು ಓದೋಕೆ ಬರ್ತಿಲ್ಲ, ಬೇರೆ ಹಾಳೇಲಿ ಬಿಡಿಸಿ ಬರ್ಕೊಂಡು ಬನ್ನಿ ಅಂದ. ಕಟ್ಟೆ ಮೇಲೆ ಕೂತು ಮತ್ತೆ ಬರೆದೆ. ಅವಳು ಪಕ್ಕದಲ್ಲೇ ಕೂತು ಹಾಳೆ ಹಾರದ ಹಾಗೆ ಹಿಡ್ಕೊಂಡಿದ್ಲು. ಎರಡನೇ ಸಲ ಚೆನ್ನಾಗಿ ಬಂತು."